ಹಲಗೆಯ ಹಿಂದಿನ ಹೆಸರು

ಕನ್ನಡದ ಲಿಪಿ ದುಂಡಗಿದೆ, ಮುತ್ತು ಪೋಣಿಸಿದಂತಿದೆ ಎಂದು ಹೊಗಳುವವರು ಬಹಳ. ಅದೇ ಲಿಪಿಯನ್ನು ಮರದ ಹಲಗೆಯಲ್ಲಿ ಕೊಯ್ಯಬೇಕಾದವನನ್ನು ಕೇಳಿದರೆ ಬೇರೆ ಮಾತು ಹೇಳುತ್ತಾನೆ. ಹಲಗೆಯ ಮೇಲೆ 'ರ' ಬರೆದು ಆ ಗೆರೆಯನ್ನು ಕೊರೆದು ತೆಗೆದರೆ ಅದರ ಹೊಟ್ಟೆಯೊಳಗಿನ ಮರವೂ ಕಳಚಿ ಕೆಳಗೆ ಬೀಳುತ್ತದೆ. ಹಲಗೆಯಲ್ಲಿ ಉಳಿಯುವುದು ಅಕ್ಷರವಲ್ಲ, ಒಂದು ತೂತು. 'ಠ' ಇನ್ನೂ ಕಷ್ಟದ್ದು. ಸುತ್ತ ಬಳೆ, ನಡುವೆ ಚುಕ್ಕೆ. ಅಕ್ಷರವನ್ನು ಉಳಿಸಿಕೊಂಡು ಸುತ್ತಲಿನ ಮರವನ್ನು ತೆಗೆಯೋಣವೆಂದರೆ ಆಗ ಆ ಚುಕ್ಕೆ ಅನಾಥ. ಅನುಸ್ವಾರ ಪಕ್ಕಕ್ಕೆ ಸಿಡಿಯುತ್ತದೆ, ಒತ್ತಕ್ಷರ ಕಾಲಿನಿಂದ ಕಳಚಿಕೊಳ್ಳುತ್ತದೆ. ಹೀಗೆ ಬೇರೆಯಾಗಿ ನಿಲ್ಲುವ ತುಂಡಿಗೆ ನಾನು ನಡುಗಡ್ಡೆ ಎನ್ನುತ್ತೇನೆ. ಅದನ್ನು ಹಿಡಿದು ನಿಲ್ಲಿಸಲು ಜೋಳದ ಕಾಳಿಗಿಂತ ಸಣ್ಣದಾಗಿ ಬಿಡುವ ಮರದ ಎಳೆಗೆ ಕೊಂಡಿ ಎನ್ನುತ್ತೇನೆ. ಈ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಅಂಗಡಿಯವು.

ಉರ್ದು, ಅರಬ್ಬಿ ಅಕ್ಷರಗಳಿಗೆ ಇದರ ತದ್ವಿರುದ್ಧ ರೋಗ. ಅಕ್ಷರಗಳು ಕೈಕೈ ಹಿಡಿದುಕೊಂಡೇ ಸಾಗುತ್ತವೆ, ಅದು ಅನುಕೂಲ. ಆದರೆ ಚುಕ್ಕೆಗಳು ಗಾಳಿಯಲ್ಲಿ ನಿಲ್ಲಬೇಕು. ಬಿಸ್ಮಿಲ್ಲಾದ ಪೂರ್ತಿ ಸಾಲಿನಲ್ಲಿ ಇರುವುದು ನಾಲ್ಕೇ ಚುಕ್ಕೆ. ಮೊದಲನೆಯದು 'ಬೇ' ಅಕ್ಷರದ ಕೆಳಗಿನದು. ಆ ಒಂದು ಚುಕ್ಕೆಯ ಮಹಿಮೆಯನ್ನು ಸೂಫಿಗಳು ಬಹಳ ಹೇಳಿದ್ದಾರೆ. ಅವರು ಹೇಳಿದ್ದು ಇರಲಿ, ಅದನ್ನು ಬೀಳದಂತೆ ನಿಲ್ಲಿಸುವುದು ನನ್ನ ಪಾಲಿಗೆ ಬಂದ ಕೆಲಸ.

ಈ ಕೆಲಸ ಮಾಡುವ ಯಂತ್ರಕ್ಕೆ ಸ್ಕ್ರೋಲ್ ಸಾ ಎಂದು ಹೆಸರು. ನಮ್ಮ ಯಾವಗಲ್ಲಿನಲ್ಲಿ ಯಾರೂ ಹಾಗೆನ್ನುವುದಿಲ್ಲ, 'ತಂತಿ ಗರಗಸದ ಮಷೀನು' ಎನ್ನುತ್ತಾರೆ. ನೋಡಲು ಹೊಲಿಗೆ ಯಂತ್ರದ ಅಣ್ಣತಮ್ಮನಂತಿದೆ. ಮೇಲೊಂದು ತೋಳು, ಕೆಳಗೊಂದು ತೋಳು, ನಡುವೆ ಐದು ಇಂಚು ಉದ್ದದ, ನೂಲಿನಂತಹ ಅಲಗು. ಮೋಟಾರು ಹಾಕಿದರೆ ಅಲಗು ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ. ಗರಗಸ ಓಡಾಡುವುದಿಲ್ಲ, ಎರಡೂ ಕೈಯಿಂದ ಹಲಗೆಯನ್ನೇ ತಿರುಗಿಸುತ್ತ ಹೋಗಬೇಕು. ಹೊಲಿಯುವಾಗ ಸೂಜಿ ನಿಂತಲ್ಲೇ ಇದ್ದು ಅರಿವೆ ಸರಿಯುವುದಿಲ್ಲವೇ, ಹಾಗೆ. ಅಕ್ಷರದ ಒಳಗಿನ ಭಾಗ ತೆಗೆಯಬೇಕಾದರೆ ಮೊದಲು ಅಲ್ಲಿ ಡ್ರಿಲ್ಲಿನಿಂದ ಸಣ್ಣ ತೂತು ಹಾಕಿ, ಅಲಗನ್ನು ಮೇಲಿನ ತೋಳಿನಿಂದ ಬಿಚ್ಚಿ, ಸೂಜಿಗೆ ದಾರ ಪೋಣಿಸುವಂತೆ ಆ ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದು, ಆಮೇಲೆ ಕೊಯ್ಯಬೇಕು. ಒಂದು ತೂತು ಮುಗಿದ ಮೇಲೆ ಮತ್ತೆ ಬಿಚ್ಚುವುದು, ಮತ್ತೆ ಪೋಣಿಸುವುದು. 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದು ಬರೆಯಿಸಲು ಬಂದವರಿಗೆ ನಾನು ಚಹಾ ಕೊಟ್ಟು ಕೂರಿಸುವುದಿಲ್ಲ, ಎರಡು ದಿನ ಬಿಟ್ಟು ಬರಲು ಹೇಳುತ್ತೇನೆ.

ನಾನು ಇದಕ್ಕೆ ಬಂದದ್ದು ಹವ್ಯಾಸದಿಂದಲ್ಲ. ರೋಣ ನರಗುಂದದ ನಡುವಿನ ನಮ್ಮ ಎರಿ ಭೂಮಿಯಲ್ಲಿ ಮರ ಕಡಿಮೆ. ಬೇವು, ಜಾಲಿ ಬಿಟ್ಟರೆ ಕಣ್ಣಿಗೆ ಬೀಳುವುದು ಬೆಣ್ಣಿಹಳ್ಳದ ದಂಡೆಯ ಪೊದೆಗಳೇ. ಆದರೂ ಬಡಿಗತನಕ್ಕೆ ಕೆಲಸ ಬೇಕಾದಷ್ಟಿತ್ತು. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಸೀಮೆ. ಕೂರಿಗೆ, ಕುಂಟೆ, ನೊಗ, ಚಕ್ಕಡಿಯ ಗಾಲಿ ಎಂದು ವರ್ಷವಿಡೀ ಬಾಚಿಯ ಸದ್ದು ಕೇಳುತ್ತಿತ್ತು. ಎಪ್ಪತ್ತರ ದಶಕದಲ್ಲಿ ನನ್ನನ್ನು ಅಂಗಳದಲ್ಲಿ ಕೂರಿಸಿಕೊಂಡು ಉಳಿ ಹಿಡಿಯಲು ಕಲಿಸಿದವರು ಬಡಿಗೇರ ಕಾಕಾ. ಮುಸಲರ ಹುಡುಗನಿಗೆ ಬಡಿಗತನ ಯಾಕೆ ಎಂದು ಕೇಳಿದವರಿಗೆ ಅವರು ಕೊಟ್ಟ ಉತ್ತರ ಒಂದೇ: "ಜಾಲಿ ಕಟಗೀಗೆ ಕೈ ಗಟ್ಟಿ ಬೇಕ್ರೀ, ಇವನ್ವು ಗಟ್ಟಿ ಅದಾವು." ಕೂಲಿ ದುಡ್ಡಿನಲ್ಲಿ ಬರುತ್ತಿದ್ದುದು ಕಡಿಮೆ. ಸುಗ್ಗಿಯಲ್ಲಿ ರೈತರು ಆಯ ಕೊಡುತ್ತಿದ್ದರು, ಅದರಲ್ಲಿ ಒಂದು ಪಾಲು ನಮ್ಮ ಮನೆಗೂ ಬರುತ್ತಿತ್ತು. ಆಮೇಲೆ ಟ್ರ್ಯಾಕ್ಟರು ಬಂತು, ಕಬ್ಬಿಣದ ಕೂರಿಗೆ ಬಂತು. ಬಾಗಿಲು ಕಿಟಕಿ ಮಾಡೋಣವೆಂದರೆ ಅವೂ ಪೇಟೆಯಿಂದ ಸಿದ್ಧವಾಗಿ ಬರತೊಡಗಿದವು. ಕಾಕಾ ತೀರಿಕೊಂಡ ವರ್ಷ ಊರಿನಲ್ಲಿ ಒಂದೂ ಹೊಸ ಚಕ್ಕಡಿ ಆಗಲಿಲ್ಲ.

2011ರಲ್ಲಿ ಹುಬ್ಬಳ್ಳಿಯಿಂದ ಈ ಮಷೀನು ತಂದೆ. ಮೊದಮೊದಲು ಗಡಿಯಾರದ ಚೌಕಟ್ಟು, ಕೀಲಿಕೈ ತೂಗುಹಾಕುವ ಹಲಗೆ, ಮಕ್ಕಳಿಗೆ ಜೋಡಿಸಿ ಆಡುವ ಆನೆ, ಒಂಟೆ. ಚಕ್ಕಡಿಯ ಗಾಲಿ ಮಾಡಿದ ಕೈಗೆ ಇದು ಆಟದಂತೆ ಕಂಡೀತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಜಾಲಿಯ ಮರ ತಪ್ಪನ್ನು ಸಹಿಸಿಕೊಳ್ಳುತ್ತದೆ, ಮೇಲೊಂದು ಪಟ್ಟಿ ಬಡಿದರೆ ಮುಗಿಯಿತು. ಮೂರು ಮಿಲಿಮೀಟರಿನ ಪ್ಲೈವುಡ್ ಸಹಿಸಿಕೊಳ್ಳುವುದಿಲ್ಲ.

ಕಲಿಯಬೇಕೆನ್ನುವವರಿಗೆ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚಿತ್ರವನ್ನು ಕಾಗದದಲ್ಲಿ ಬರೆದು ಹಲಗೆಗೆ ಅಂಟಿಸಿ, ಅದರ ಮೇಲೆ ಪಾರ್ಸೆಲ್ಲಿಗೆ ಹಚ್ಚುವ ಪ್ಲಾಸ್ಟಿಕ್ ಟೇಪು ಹಚ್ಚಿದರೆ ಅಲಗು ಬಿಸಿಯಾಗಿ ಮರ ಸುಡುವುದು ಕಡಿಮೆಯಾಗುತ್ತದೆ. ಅಲಗಿನ ಹಲ್ಲು ಯಾವಾಗಲೂ ಕೆಳಮುಖವಾಗಿರಬೇಕು. ಒಳಗಿನ ತೂತುಗಳನ್ನೆಲ್ಲ ಮುಗಿಸಿ ಹೊರಗಿನ ಅಂಚನ್ನು ಕಡೆಗೆ ಕೊಯ್ಯಬೇಕು. ಮೊದಲೇ ಅಂಚು ತೆಗೆದರೆ ಕೈಯಲ್ಲಿ ಹಿಡಿಯಲು ಮರವೇ ಇರುವುದಿಲ್ಲ. ಎಳೆ ಸಣ್ಣದಾದಷ್ಟು ಅವಸರ ಕಡಿಮೆಯಾಗಬೇಕು. ತಳ್ಳಿದರೆ ಅಲಗು ಬಾಗುತ್ತದೆ, ಆಮೇಲೆ ಟಪ್ಪೆಂದು ಮುರಿಯುತ್ತದೆ. ಮತ್ತೊಂದು ಮಾತು, ಮೂಗಿಗೆ ಬಟ್ಟೆ ಕಟ್ಟದೆ ಕೂರಬೇಡಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಎಂ.ಡಿ.ಎಫ್. ಎಂಬ ಹಲಗೆ ಅಗ್ಗ, ಗಂಟಿಲ್ಲ, ಬೆಣ್ಣೆಯಂತೆ ಕೊಯ್ಯಬಹುದು. ಅದರ ಧೂಳು ಹಿಟ್ಟಿಗಿಂತ ನುಣುಪು, ಅದರಲ್ಲಿ ಅಂಟಿನ ರಾಸಾಯನಿಕವೂ ಸೇರಿರುತ್ತದೆ. ಕಾಕಾ ಕಡೆಯ ಎರಡು ವರ್ಷ ಕೆಮ್ಮಿದ್ದನ್ನು ನೋಡಿದ್ದೇನೆ. ಹಾಗಾಗಿ ನನ್ನ ಮಷೀನು ಮನೆಯೊಳಗಿಲ್ಲ, ಪಡಸಾಲೆಯ ಹೊರಗೆ ತಗಡಿನ ಕೆಳಗಿದೆ.

ಈಗ ನನ್ನ ಹೆಚ್ಚಿನ ಕೆಲಸ ಹೆಸರುಗಳದ್ದು. ನಮ್ಮ ಸೀಮೆಯಲ್ಲಿ ಹೆಸರು ಎಂದರೆ ಹೊಲದಲ್ಲಿ ಬೆಳೆಯುವ ಕಾಳೂ ಹೌದು. "ಈ ವರ್ಷ ಹೆಸರು ಹೆಂಗೈತ್ರಿ?" ಎಂದು ಯಾರಾದರೂ ಕೇಳಿದರೆ ಯಾವುದನ್ನು ಕೇಳುತ್ತಿದ್ದಾರೆ ಎಂದು ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಕಾಳಿಗೆ ರೇಟು ಸಿಕ್ಕ ವರ್ಷ ಬಾಗಿಲಿಗೆ ಹೆಸರಿನ ಫಲಕ ಮಾಡಿಸುವವರೂ ಹೆಚ್ಚು, ಹಾಗಾಗಿ ಎರಡಕ್ಕೂ ಒಂದೇ ಉತ್ತರ ನಡೆಯುತ್ತದೆ.

ಹೆಸರು ಕೊಯ್ಯುತ್ತ ಕೂತವನಿಗೆ ಊರಿನ ಸುದ್ದಿ ಬೇಡವೆಂದರೂ ತಿಳಿಯುತ್ತದೆ. ಮೊದಲು ಬರುತ್ತಿದ್ದ ಚೀಟಿಗಳಲ್ಲಿ ಗಂಡಸಿನ ಹೆಸರು, ಅವನ ಅಪ್ಪನ ಹೆಸರಿನ ಮೊದಲಕ್ಷರ, ಮನೆತನದ ಹೆಸರು, ಇಷ್ಟೇ. ಆಮೇಲೆ 'ತಾಯಿಯ ಆಶೀರ್ವಾದ' ಬಂತು. ಆಶೀರ್ವಾದ ತಾಯಿಯದು, ಕೆಳಗಿನ ಹೆಸರು ಮಗನದು. ಈಚೆಗೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಕೇಳುತ್ತಾರೆ, ಅದೂ ಹೆಂಡತಿ ಶಿಕ್ಷಕಿಯೋ ನರ್ಸೋ ಆಗಿದ್ದರೆ. ಯಾರ ಹೆಸರು ಮೇಲೆ ಎಂಬ ಬಗ್ಗೆ ನನ್ನ ಅಂಗಡಿಯ ಮುಂದೆಯೇ ಒಂದು ಸಣ್ಣ ಮೌನ ಆಗುವುದುಂಟು. ಒಮ್ಮೆ ಒಬ್ಬ ಹೆಣ್ಣುಮಗಳು ತಾನೇ ಬಂದಳು. ಗಂಡ ತೀರಿ ಮೂರು ವರ್ಷ, ಮನೆ ಆಕೆಯ ಹೆಸರಿಗಾಗಿತ್ತು. ಚೀಟಿಯಲ್ಲಿ ಆಕೆಯ ಹೆಸರೊಂದೇ ಇತ್ತು. ಮುಂದೆ ಯಾರ ಹೆಸರೂ ಬೇಡವೇ ಎಂದು ಕೇಳಿದೆ. "ಬ್ಯಾಡ್ರಿ ಕಾಕಾ, ಸಾಲ ತೀರಿಸಿದಾಕಿ ನಾನ," ಎಂದಳು. ಆಕೆಯ ಹೆಸರಿನಲ್ಲಿ ನಡುಗಡ್ಡೆ ಮೂರಿದ್ದವು. ಕೊಂಡಿಗಳನ್ನು ತುಸು ದಪ್ಪವಾಗಿಯೇ ಬಿಟ್ಟೆ.

ಹೆಸರಿನ ಜೊತೆಗೆ ಚಿತ್ರಗಳು. ಗಣಪತಿ, ಬಸವಣ್ಣ, ಮಕ್ಕಾ ಮದೀನಾ, ಸಿದ್ಧಾರೂಢರು, ಶಿಶುನಾಳ ಶರೀಫರು, ಅಂಬೇಡ್ಕರರು. ಗಣಪತಿಯೇ ಹೆಚ್ಚು, ಯಾಕೆಂದರೆ ಗಣಪತಿ ಮರಕ್ಕೆ ಅನುಕೂಲವಾದ ದೇವರು. ಸೊಂಡಿಲು, ಹೊಟ್ಟೆ, ಕಿವಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಬೀಳುವ ತುಂಡು ಕಡಿಮೆ. ಶರೀಫರ ಗಡ್ಡ ಬಹಳ ತಾಳ್ಮೆ ಕೇಳುತ್ತದೆ. ನಮ್ಮವರಲ್ಲೇ ಕೆಲವು ಹಿರಿಯರು, ಇವನ್ನೆಲ್ಲ ನೀನು ಮಾಡಬಹುದೇ ಎಂದು ಕೇಳಿದ್ದಾರೆ. ಕೇಳುವುದು ಅವರ ಹಕ್ಕು. ನಾನು ಪೂಜೆಗೆ ಮಾಡುತ್ತಿಲ್ಲ, ಗಿರಾಕಿಗೆ ಮಾಡುತ್ತಿದ್ದೇನೆ ಎಂದು ನನಗೆ ಸ್ಪಷ್ಟವಿದೆ. ಕೂರಿಗೆಗೆ ಹೊಲದಲ್ಲಿ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು, ಅದನ್ನು ಮಾಡಿಕೊಟ್ಟಾಗ ಯಾರೂ ಕೇಳಿರಲಿಲ್ಲ. ಒಬ್ಬರು ನನ್ನ ಮಾತನ್ನು ಒಪ್ಪಲಿಲ್ಲ. ಅವರೊಂದಿಗೆ ಚಹಾ ಈಗಲೂ ನಡೆಯುತ್ತದೆ.

ಮೈಸೂರಿಗೆ ಹೋದಾಗ ಈ ವಿಷಯ ಇನ್ನೊಂದು ರೀತಿಯಲ್ಲಿ ಎದುರಾಯಿತು. 1897ರಲ್ಲಿ ಹಳೆಯ ಅರಮನೆ ಸುಟ್ಟ ಮೇಲೆ ಹೊಸದನ್ನು ಕಟ್ಟಿ 1912ರಲ್ಲಿ ಮುಗಿಸಿದರಲ್ಲ, ಅದರ ಅಂಬಾವಿಲಾಸದಲ್ಲಿ ಬೀಟೆ ಮರಕ್ಕೆ ಆನೆಯ ದಂತ ಕೂರಿಸಿದ ಬಾಗಿಲೊಂದಿದೆ. ಅದು ತೆರೆಯುವುದು ಗಣಪತಿಯ ಗುಡಿಗೆ. ಆ ಕುಸುರಿಯನ್ನು ಮುಂದುವರಿಸಿಕೊಂಡು ಬಂದವರಲ್ಲಿ ಮಂಡಿ ಮೊಹಲ್ಲಾದ ಸುತ್ತಮುತ್ತಲಿನ ಮುಸ್ಲಿಂ ಕುಟುಂಬಗಳು ಬಹಳ. ಮೈಸೂರಿನ ಬೀಟೆ ಮರದ ಈ ಕುಸುರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ದಂತ ನಿಷೇಧವಾದ ಮೇಲೆ ಬೇರೆ ಬೇರೆ ಮರಗಳೇ ಬಣ್ಣಗಳಾದವು. ಹಳದಿಗೆ ಹಲಸು, ಕಂದಿಗೆ ಸಾಗವಾನಿ, ಕಪ್ಪಿಗೆ ಕರಿಮರ. ಒಂದು ಮೊಹಲ್ಲಾದ ಓಣಿಯಲ್ಲಿ ನನ್ನ ವಯಸ್ಸಿನವರೊಬ್ಬರು ನೆಲದ ಮೇಲೆ ಕೂತು ಬಿಲ್ಲಿನಂತಹ ಚೌಕಟ್ಟಿನ ತಂತಿ ಗರಗಸದಲ್ಲಿ ಕೃಷ್ಣನ ಗೀತೋಪದೇಶದ ಕುದುರೆಯ ಕಾಲು ಕೊಯ್ಯುತ್ತಿದ್ದರು. ಮಷೀನಿಲ್ಲ, ಮೋಟಾರಿಲ್ಲ. ಕುದುರೆಯ ಗೊರಸನ್ನು ನಾನಾದರೆ ಮೂರು ಸಲ ನಿಲ್ಲಿಸಿ ತಿರುಗಿಸುತ್ತಿದ್ದೆ, ಅವರು ಒಂದೇ ಉಸಿರಿನಲ್ಲಿ ತಿರುಗಿಸಿದರು. ಮುಗಿದ ಹಲಗೆಯೊಂದನ್ನು ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿ ನೋಡಿದೆ. ಅಂಗಡಿಯ ಮುದ್ರೆ ಇತ್ತು, ಅವರ ಹೆಸರಿರಲಿಲ್ಲ. ಕೇಳಿದ್ದಕ್ಕೆ ನಕ್ಕು, "ಹಮಾರಾ ನಾಮ್ ಕೌನ್ ಪೂಛ್ತಾ ಹೈ ಭಾಯ್," ಎಂದರು.

ಹಲಗೆಯ ಹಿಂದೆ ಹೆಸರು ಬರೆಯುವ ಅಭ್ಯಾಸ ನನಗೆ ಮೊದಲಿನಿಂದ ಇದೆ. ಕಾದ ಕಡ್ಡಿಯಿಂದ ನನ್ನ ಹೆಸರು, ಕೆಳಗೆ ಯಾವಗಲ್, ಇಸವಿ. ಇದು ದೊಡ್ಡಸ್ತಿಕೆಗಲ್ಲ. ಕಾಕಾ ಚಕ್ಕಡಿಯ ಮೂಕಿಯ ಕೆಳಗೆ ಉಳಿಯಿಂದ ಒಂದು ಗುರುತು ಹಾಕುತ್ತಿದ್ದರು. ಗಾಲಿ ಅಲುಗಾಡಿದರೆ ಯಾರ ಮನೆಗೆ ಬರಬೇಕು ಎಂದು ರೈತನಿಗೆ ತಿಳಿಯಲೆಂದು. ಕೊಂಡಿ ಮುರಿದರೆ ನನ್ನ ಹತ್ತಿರ ತರಲಿ ಎಂಬುದೇ ನನ್ನ ಲೆಕ್ಕ.

ಹಳಬರೂ ಬರೆದಿದ್ದಾರೆ. ನಮ್ಮ ಕಡೆಯಿಂದ ಮಲಪ್ರಭೆ ಹರಿದು ಹೋಗುವ ದಾರಿಯಲ್ಲೇ ಪಟ್ಟದಕಲ್ಲು ಇದೆ. ವಿರೂಪಾಕ್ಷ ಗುಡಿಯ ಜಾಲಂಧ್ರಗಳನ್ನು ನೋಡಿದರೆ ನನ್ನಂಥವನಿಗೆ ಹೊಟ್ಟೆಕಿಚ್ಚು. ನಾನು ಮರದಲ್ಲಿ ಹೆದರಿ ಹೆದರಿ ಬಿಡುವ ಕೊಂಡಿಯನ್ನು ಅವರು ಎಂಟನೆಯ ಶತಮಾನದಲ್ಲಿ ಕಲ್ಲಿನಲ್ಲಿ ಬಿಟ್ಟಿದ್ದಾರೆ. ಅದನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಕಟ್ಟಿದವನು ಗುಂಡ ಅನಿವಾರಿತಾಚಾರಿ ಎಂದು ಅಲ್ಲಿಯ ಶಾಸನವೇ ಹೇಳುತ್ತದೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಗಳೇ ಅಕ್ಷರಗಳು. ಅರಬ್ಬಿ ಬರಹವನ್ನು ಕಲ್ಲಿನಲ್ಲಿ ತೂತು ತೆಗೆದು, ಬೆಳಕು ಅದರ ನಡುವಿನಿಂದ ಒಳಗೆ ಬರುವ ಹಾಗೆ ಮಾಡಿದ್ದಾರೆ. ಉಳಿದವರು ಅದರ ಅಂದ ನೋಡುತ್ತಿದ್ದಾಗ ನಾನು ಚುಕ್ಕೆಗಳನ್ನೇ ಹುಡುಕುತ್ತ ನಿಂತಿದ್ದೆ, ಯಾವುದು ಯಾವುದಕ್ಕೆ ಅಂಟಿಕೊಂಡು ನಿಂತಿದೆ ಎಂದು. ಅಲ್ಲಿಯೂ ಶಾಸನದಲ್ಲಿ ಮಲಿಕ್ ಸಂದಲ್ ಎಂಬ ಹೆಸರಿದೆ. ಆದಿಲಶಾಹಿ ದೊರೆಗೆ ಗೋರಿ ಕಟ್ಟಿದವನು ತನ್ನ ಹೆಸರನ್ನೂ ಉಳಿಸಿಕೊಂಡ.

2022ರ ಮಾರ್ಚ್ ತಿಂಗಳಲ್ಲಿ ಕರಾವಳಿಯ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಅಲ್ಲಿಂದ ಅದು ಬೇರೆ ಜಾತ್ರೆಗಳಿಗೂ ಹಬ್ಬಿತು. ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿಯ ಹನುಮಂತ ದೇವರ ಗುಡಿಯ ಮುಂದೆ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಬಡಿದರು. ಆ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಯಾವಗಲ್ಲಿನಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಆದರೆ ನನ್ನ ಗಣಪತಿ, ಬಸವಣ್ಣ, ಗಡಿಯಾರಗಳಲ್ಲಿ ಮೂರರಲ್ಲಿ ಒಂದು ಪಾಲು ಪೇಟೆಯ ಒಂದು ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. ಅಂಗಡಿಯ ಹೆಸರು ಇಲ್ಲಿ ಬೇಡ. ಮಾಲೀಕ ನನ್ನ ಮಗನ ವಯಸ್ಸಿನವನು, ಹತ್ತು ವರ್ಷದಲ್ಲಿ ಒಂದು ದಿನವೂ ದುಡ್ಡು ತಡ ಮಾಡಿದವನಲ್ಲ. ಹೋದಾಗ ಹಲಗೆಗಳನ್ನು ಎಣಿಸಿ ಒಳಗಿಟ್ಟುಕೊಂಡು, ನನ್ನ ಮುಖ ನೋಡದೆ ಹೇಳಿದ:

"ಚಾಚಾ, ಇನ್ನ ಮ್ಯಾಲೆ ಹಿಂದ ಹೆಸರ ಬರಿಬ್ಯಾಡ್ರಿ."

"ಯಾಕಪಾ?"

"ನೀವು ಬ್ಯಾರೆ ತಿಳ್ಕೋಬ್ಯಾಡ್ರಿ. ಗಿರಾಕಿ ತಿರುವಿ ನೋಡ್ತಾರ. ಇಬ್ಬರು ವಾಪಸ್ ಇಟ್ಟ ಹೋದ್ರು. ಬರೇ ಊರ ಹೆಸರ ಇರ್ಲಿ ಬೇಕಾರ. ಮಾಲು ಅದ, ರೇಟು ಅದ."

ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಅದೇ ಕಷ್ಟ. ಕೆಟ್ಟ ಮಾತಾಡಿದವನಿಗೆ ಉತ್ತರ ಕೊಡಬಹುದು, ನಾಚಿಕೊಂಡು ಮಾತಾಡಿದವನಿಗೆ ಏನು ಹೇಳುವುದು? ಒಳಗಿಟ್ಟಿದ್ದ ಹಲಗೆಗಳನ್ನು ವಾಪಸ್ ಕೇಳಿದೆ. ಹನ್ನೊಂದಿದ್ದವು. ಪೇಪರಿನಲ್ಲಿ ಸುತ್ತಿ ಅವನೇ ಬಸ್ಸಿನವರೆಗೆ ತಂದು ಕೊಟ್ಟ.

ಮನೆಯಲ್ಲಿ ನನ್ನ ಹೆಂಡತಿ ನನ್ನಷ್ಟು ದೂರ ಯೋಚಿಸಲಿಲ್ಲ, ಅಥವಾ ನನಗಿಂತ ಹತ್ತಿರದ್ದನ್ನು ಯೋಚಿಸಿದಳು. "ಹೆಸರ ಬರಿಲಿಕ್ಕರ ಗಣಪತಿ ಸೊಂಡಿ ಸೊಟ್ಟ ಆಗ್ತೈತೇನು? ತಿಂಗಳಾ ಬರೂ ರೊಕ್ಕ ಬಿಡೂದು ಯಾವ ಶಾಣ್ಯಾತನ? ಮಲಿಕ್ ಸಂದಲಗ ಬಾದಶಹಾ ಇದ್ದ, ನಿಮಗ ಯಾರದಾರ?" ಎಂದಳು. ವಿಜಯಪುರದ ಕತೆಯನ್ನು ನಾನೇ ಅವಳಿಗೆ ಹೇಳಿದ್ದೆ, ಅದನ್ನೇ ನನಗೆ ತಿರುಗಿಸಿದಳು. ಅವಳ ಮಾತಿಗೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ವರ್ಷವಿಡೀ ಮಂದಿಯ ಹೆಸರು ಬೀಳದಂತೆ ಕೊಂಡಿ ಬಿಡುತ್ತ ಕೂತವನು ತನ್ನ ಹೆಸರನ್ನು ತಾನೇ ಅಳಿಸಲು ಸ್ಯಾಂಡ್‌ಪೇಪರ್ ಹಿಡಿಯುವುದು ನನ್ನಿಂದ ಆಗಲಿಲ್ಲ, ಅಷ್ಟೆ. ಮಾಡುವವರನ್ನು ನಾನು ತಪ್ಪು ಎನ್ನುವುದಿಲ್ಲ. ಮಂಡಿ ಮೊಹಲ್ಲಾದ ಆ ಹಿರಿಯರು ತಲೆ ತಗ್ಗಿಸಿ ಗೊರಸು ಕೊಯ್ಯುತ್ತಿದ್ದರಲ್ಲ, ಅವರ ಮನೆಯಲ್ಲಿ ಎಷ್ಟು ಬಾಯಿ ಇದ್ದವೋ.

ಹನ್ನೊಂದರಲ್ಲಿ ನಾಲ್ಕು ಊರಲ್ಲೇ ಹೋದವು. ಎರಡನ್ನು ಬಡಿಗೇರ ಕಾಕಾನ ಮಗ ಒಯ್ದ. ಅವನಿಗೆ ಗಣಪತಿ ಬೇಕಿರಲಿಲ್ಲವೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು. ದುಡ್ಡು ಬೇಡವೆಂದರೆ, "ನಮ್ಮಪ್ಪನ ಶಿಷ್ಯನ ಕೈಯಾಗಿಂದು ಪುಕ್ಕಟೆ ಒಯ್ದರ ಅವ ಮ್ಯಾಲಿಂದ ಬೈತಾನು ಅಣ್ಣಾ," ಎಂದು ತೋಳಿನ ಕಿಸೆಗೆ ತುರುಕಿದ. ಉಳಿದವು ಅಟ್ಟದ ಮೇಲೆ ಎರಡು ವರ್ಷ ಇದ್ದವು. ಆ ವರ್ಷಗಳಲ್ಲಿ ನಮ್ಮ ಮನೆಯ ಲೆಕ್ಕ ಬಿಗಿಯಾಗಿತ್ತು. ಮೊಮ್ಮಗಳ ಕಾಲೇಜಿನ ಫೀಸಿಗೆ ಕಿವಿಯ ಬೆಂಡೋಲೆ ಅಡವಿಟ್ಟವಳು ನನ್ನ ಹೆಂಡತಿ. ಹೆಸರು ಉಳಿಸಿಕೊಂಡವನು ನಾನು, ಬೆಲೆ ಕೊಟ್ಟವಳು ಅವಳು. ಇದನ್ನು ಬರೆಯದೆ ಹೋದರೆ ಈ ಬರಹ ಸುಳ್ಳಾಗುತ್ತದೆ.

ಆ ಅಂಗಡಿಗೆ ಈಗ ಲೇಸರ್ ಯಂತ್ರದಲ್ಲಿ ಕೊಯ್ದ ಮಾಲು ಬರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ಬೆಳಕೇ ಮರವನ್ನು ಸುಟ್ಟು ಕೊಯ್ಯುತ್ತದೆ. ನನಗೆ ಎರಡು ದಿನದ ವೀರಭದ್ರೇಶ್ವರ ಅದಕ್ಕೆ ನಿಮಿಷಗಳ ಕೆಲಸ. ಗೆರೆ ನೇರ, ಕೊಂಡಿಗಳೆಲ್ಲ ಒಂದೇ ಅಳತೆ. ಅಂಚು ಮಾತ್ರ ಕಪ್ಪಾಗಿರುತ್ತದೆ, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಒಂದನ್ನು ತಿರುವಿ ನೋಡಿದೆ. ಹಿಂದೆ ಯಾರ ಹೆಸರೂ ಇರಲಿಲ್ಲ, ಹಾಗಾಗಿ ಯಾರೂ ವಾಪಸ್ ಇಡುವುದೂ ಇಲ್ಲ. ಅಗ್ಗದ ಮಾಲಿನ ಮುಂದೆ ನನ್ನದು ನಿಲ್ಲುವುದಿಲ್ಲವೆಂದು ನನಗೆ ಗೊತ್ತು. 2022 ಬಾರದಿದ್ದರೂ ಆ ಅಂಗಡಿ ಇಷ್ಟು ಹೊತ್ತಿಗೆ ನನ್ನನ್ನು ಬಿಡುತ್ತಿತ್ತೋ ಏನೋ. ಆದರೆ ಆಗ ಬಿಟ್ಟದ್ದು ರೇಟಿಗೆ ಎಂದಾಗುತ್ತಿತ್ತು. ಕೂರಿಗೆಯನ್ನು ಕಬ್ಬಿಣ ಸೋಲಿಸಿದಾಗ ನಾನು ಯಾರ ಮೇಲೂ ಮುನಿಸಿಕೊಂಡಿರಲಿಲ್ಲ.

ಕೆಲಸ ನಿಂತಿಲ್ಲ. ಮನೆಗೇ ಬಂದು ಹೇಳಿ ಮಾಡಿಸುವವರು ಇದ್ದಾರೆ. ತಮ್ಮ ಅವ್ವನ ಕೈಬರಹವನ್ನೇ ಕಾಗದದಲ್ಲಿ ತಂದು, ಹೀಗೇ ಬೇಕು ಎನ್ನುತ್ತಾರೆ. ನಡುಗುವ ಕೈಯ ಸೊಟ್ಟ ಅಕ್ಷರವನ್ನು ಸೊಟ್ಟಗೇ ಕೊಯ್ಯುತ್ತೇನೆ. ಅಂಥ ಬರಹಕ್ಕೆ ಕೊಂಡಿ ಎಲ್ಲಿ ಬಿಡಬೇಕು ಎಂಬುದನ್ನು ಪ್ರತಿ ಸಲ ಹೊಸದಾಗಿ ಹುಡುಕಬೇಕು. ರೋಣದಲ್ಲಿ ಪಿ.ಯು.ಸಿ. ಓದುವ ಮೊಮ್ಮಗಳು ರಜೆಯಲ್ಲಿ ಮಷೀನಿನ ಮುಂದೆ ಕೂರುತ್ತಾಳೆ. ಹೊಲಿಗೆ ಬಲ್ಲವಳು, ಹಾಗಾಗಿ ತಿರುವು ಬೇಗ ಕೈವಶವಾಯಿತು. ಮೊನ್ನೆ ಒಂದು ಗಡಿಯಾರ ಪೂರ್ತಿ ತಾನೇ ಕೊಯ್ದಳು. ಸ್ಯಾಂಡ್‌ಪೇಪರ್ ಹಾಕಿ, ಹಲಗೆಯನ್ನು ಮಗುಚಿ, ಕಾದ ಕಡ್ಡಿ ಹಿಡಿದುಕೊಂಡು ಕೇಳಿದಳು:

"ದಾದಾ, ನಿಮ್ಮ ಹೆಸರೋ, ನಂದೋ?"

"ಕೊಯ್ದಾಕಿ ನೀನು," ಎಂದೆ.

ತುಸು ಹೊತ್ತು ಯೋಚಿಸಿ ತನ್ನ ಹೆಸರು ಬರೆದಳು, ಕೆಳಗೆ ಯಾವಗಲ್, ತಾ. ರೋಣ. ಅಕ್ಷರ ದೊಡ್ಡದಾಯಿತು, ಇಸವಿಗೆ ಜಾಗ ಸಾಲಲಿಲ್ಲ. ಅವಳ ಅಜ್ಜಿ ಒಳಗಿನಿಂದಲೇ, ಅದನ್ನು ಯಾರಿಗೂ ಮಾರಬ್ಯಾಡ, ನಮ್ಮ ಗಡಿಯಾರ ನಿಂತು ಆರು ತಿಂಗಳಾತು ಎಂದಳು.